ಕಾಲಾಳು ಆಟಕ್ಕುಂಟು, ಲೆಕ್ಕಕ್ಕಿಲ್ಲವೇ?

ಬೈಜಾಂಟೈನ್ ಸೇನೆ ಕಟ್ಟಲು ಹೊರಟವರು ಮೊಟ್ಟಮೊದಲು ಕೊಳ್ಳುವುದು ಏನು ಗೊತ್ತಾ? ಕಟಾಫ್ರಾಕ್ಟ್! ಸವಾರನಿಗೂ ಕವಚ, ಕುದುರೆಗೂ ಕವಚ, ಕೈಯಲ್ಲಿ ಕಬ್ಬಿಣದ ಗದೆ. ನೋಡಿದರೆ ಯಾರಿಗಾದರೂ ಆಸೆಯಾಗುತ್ತೆ ಬಿಡಿ. ಎರಡನೆಯದಾಗಿ ಉದ್ದ ಕೊಡಲಿ ಹಿಡಿದ ವರಾಂಗಿಯನ್ನರು. ಮೂರನೆಯದಾಗಿ... ಇನ್ನಷ್ಟು ಕಟಾಫ್ರಾಕ್ಟ್ :-) ಈಟಿ ಗುರಾಣಿ ಹಿಡಿದ ಬಡಪಾಯಿ ಕಾಲಾಳುಗಳ ಸರದಿ ಬರುವ ಹೊತ್ತಿಗೆ ದುಡ್ಡೂ ಖಾಲಿ, ಉತ್ಸಾಹವೂ ಖಾಲಿ.

ನನ್ನ ವಾದ ಇದಕ್ಕೆ ಪೂರ್ತಿ ಉಲ್ಟಾ. ಬೈಜಾಂಟೈನ್ ಸೇನೆಯನ್ನು ಕಾಲಾಳಿನಿಂದ ಶುರುಮಾಡಬೇಕು. ಕುದುರೆ ಆಮೇಲೆ, ಕಟಾಫ್ರಾಕ್ಟ್ ಎಲ್ಲಕ್ಕಿಂತ ಕೊನೆಗೆ. ಯಾಕೆ ಅಂತ ಹೇಳ್ತೀನಿ.

ಈ ಹವ್ಯಾಸದ ಪರಿಚಯ ಇಲ್ಲದವರಿಗೆ ಮೊದಲು ಎರಡು ಮಾತು. ಇದು ಮೇಜಿನ ಮೇಲೆ ಪುಟ್ಟ ಪುಟ್ಟ ಸೈನಿಕರ ಬೊಂಬೆಗಳನ್ನಿಟ್ಟು, ಅಳತೆಪಟ್ಟಿಯಿಂದ ದೂರ ಅಳೆದು, ದಾಳ ಹಾಕಿ ಆಡುವ ಯುದ್ಧದಾಟ. ಬೊಂಬೆಗಳು ಸಾಮಾನ್ಯವಾಗಿ 15 ಅಥವಾ 28 ಮಿಲಿಮೀಟರ್ ಅಳತೆಯವು. ಬಣ್ಣ ಹಚ್ಚುವ ಕೆಲಸ ಬಹುಪಾಲು ನಮ್ಮದೇ. ನಿಯಮಾವಳಿಗಳು ಹತ್ತಾರಿವೆ. ನಾನಿಲ್ಲಿ ಉದಾಹರಣೆಗೆ ಇಟ್ಟುಕೊಳ್ಳುವುದು ಫಿಲ್ ಬಾರ್ಕರ್ ಮತ್ತು ಸಂಗಡಿಗರು 1990ರಲ್ಲಿ ತಂದ ಡಿ ಬೆಲ್ಲಿಸ್ ಆಂಟಿಕ್ವಿಟಾಟಿಸ್ ಎಂಬ ನಿಯಮಾವಳಿಯನ್ನು. ಚಿಕ್ಕದಾಗಿ ಡಿಬಿಎ. ಒಬ್ಬೊಬ್ಬರಿಗೆ 12 ತುಕಡಿ ಮಾತ್ರ. ಎದುರಾಳಿಗಿಂತ ಮೊದಲು ನಾಲ್ಕು ತುಕಡಿ ಕಳೆದುಕೊಂಡರೆ ಸಾಮಾನ್ಯವಾಗಿ ಕಥೆ ಮುಗಿದಂತೆ. ಎರಡಡಿ ಚೌಕದ ಮೇಜು, ಒಂದು ಗಂಟೆ ಬಿಡುವು ಇದ್ದರೆ ಆಟ ಆಗಿಹೋಗುತ್ತೆ.

ಸರಿ, ವಿಷಯಕ್ಕೆ ಬರೋಣ. "ಬ್ಯಾಲೆನ್ಸ್ಡ್ ಆರ್ಮಿ" ಅಂದರೆ ಏನು? ಎಲ್ಲದರಲ್ಲೂ ಎರಡೆರಡು ತೆಗೆದುಕೊಳ್ಳುವುದು ಅಂತ ತುಂಬಾ ಜನ ತಿಳಿದಿದ್ದಾರೆ. ಅದು ಮದುವೆ ಮನೆ ಎಲೆಗೆ ಬಡಿಸುವ ಕ್ರಮವಾಯಿತು, ಸೇನೆಯ ಕ್ರಮವಲ್ಲ. ನನ್ನ ಪ್ರಕಾರ ಸಮತೋಲನ ಅಂದರೆ ಒಂದು ದಳ ಎಡವಿದಾಗ ಅದನ್ನು ಕಾಯಲು ಇನ್ನೊಂದು ದಳ ಸರಿಯಾದ ಜಾಗದಲ್ಲಿ ಇರುವುದು. ನಮ್ಮ ಹಿರಿಯರು ಚತುರಂಗ ಬಲ ಅಂದಿದ್ದು ಬರೀ ನಾಲ್ಕರ ಎಣಿಕೆಗಾಗಿ ಅಲ್ಲವಲ್ಲ!

ಬೈಜಾಂಟೈನರು ಇದನ್ನು ಬರೆದೇ ಇಟ್ಟಿದ್ದಾರೆ, ನಾವು ಊಹಿಸಬೇಕಾಗಿಯೂ ಇಲ್ಲ. ಸುಮಾರು ಕ್ರಿ.ಶ. 600ರ ಸ್ಟ್ರಾಟೆಜಿಕಾನ್‌ನಿಂದ ಹಿಡಿದು ಸಾಲುಸಾಲಾಗಿ ಯುದ್ಧಶಾಸ್ತ್ರದ ಪುಸ್ತಕಗಳಿವೆ. ಅದರಲ್ಲಿ ನನ್ನ ಮೆಚ್ಚಿನದು ಚಕ್ರವರ್ತಿ ಎರಡನೇ ನಿಕೆಫೊರಸ್ ಫೋಕಸ್ ಹೆಸರಿನಲ್ಲಿರುವ ಪ್ರಿಸೆಪ್ಟಾ ಮಿಲಿಟಾರಿಯಾ. ಈ ಮನುಷ್ಯ ಕೋಣೆಯಲ್ಲಿ ಕೂತು ಬರೆದವನಲ್ಲ. 961ರಲ್ಲಿ ಕ್ರೀಟ್ ಗೆದ್ದವನು, 963ರಿಂದ 969ರವರೆಗೆ ಸಿಂಹಾಸನದಲ್ಲಿದ್ದವನು, 965ರಲ್ಲಿ ಟಾರ್ಸಸ್ ಹಿಡಿದವನು.

ಅವನ ಪುಸ್ತಕ ಶುರುವಾಗುವುದು ಯಾವುದರಿಂದ? ಕಾಲಾಳಿನಿಂದ! ಸಾವಿರ ಜನರ ಒಂದು ದಳ. ಅದರಲ್ಲಿ 400 ಈಟಿಯವರು, 300 ಬಿಲ್ಲಿನವರು, 200 ಭರ್ಜಿ ಮತ್ತು ಕವಣೆಯವರು, 100 ಜನ ಮೆನಾವ್ಲಾಟೊಯ್ ಎಂಬ ದಪ್ಪ ಈಟಿಯವರು. ಈ ದಪ್ಪ ಈಟಿಯನ್ನು ಹಲಗೆ ಸೀಳಿ ಮಾಡಬಾರದು, ಇಡೀ ಎಳೆಮರದ ಕಾಂಡದಿಂದಲೇ ಮಾಡಬೇಕು ಅನ್ನುತ್ತಾನೆ. ಶತ್ರುವಿನ ಕವಚದ ಕುದುರೆಗಳು ನುಗ್ಗಿ ಬಂದಾಗ ಮುಂದೆ ಬಂದು ತಡೆಯಬೇಕಾದವರು ಇವರೇ. ಸಾಲಿನ ಆಳ ಏಳು ಜನ: ಮುಂದೆ ಇಬ್ಬರು ಈಟಿಯವರು, ನಡುವೆ ಮೂವರು ಬಿಲ್ಲಿನವರು, ಹಿಂದೆ ಮತ್ತೆ ಇಬ್ಬರು ಈಟಿಯವರು. ನೂರು ಸಾಲಿಗೆ ಗುಣಿಸಿ ನೋಡಿ, ಲೆಕ್ಕ ಸರಿಹೋಗುತ್ತೆ.

ಇಂಥ 12 ದಳ ಸೇರಿ ಒಂದು ಟೊಳ್ಳು ಚೌಕ. ದಳ ದಳಗಳ ನಡುವೆ ಹನ್ನೆರಡು ಹದಿನೈದು ಕುದುರೆಗಳು ಒಟ್ಟಿಗೆ ಹಾಯುವಷ್ಟು ಸಂದು. ಅಶ್ವದಳ ಆ ಸಂದಿನಿಂದ ಹೊರಗೆ ನುಗ್ಗಿ ಹೊಡೆಯಬೇಕು. ಸೋತರೆ ಅದೇ ಸಂದಿನಿಂದ ಒಳಗೆ ಬಂದು ಉಸಿರು ತೆಗೆದುಕೊಂಡು ಮತ್ತೆ ಹೊರಡಬೇಕು. ಅಟ್ಟಿಸಿಕೊಂಡು ಬಂದ ಶತ್ರುವಿಗೆ ಸಿಗುವುದು ಈಟಿ ಮತ್ತು ಬಾಣ. ಅಂದರೆ ಕುದುರೆಯ ಧೈರ್ಯ ನಿಂತಿರುವುದು ಕಾಲಾಳಿನ ಮೇಲೆ.

ಇನ್ನು ಕಟಾಫ್ರಾಕ್ಟ್ ಎಷ್ಟು? 504 ಜನ. ಮೊದಲ ಸಾಲಲ್ಲಿ 20, ಎರಡನೆಯದರಲ್ಲಿ 24, ಹೀಗೆ ನಾಲ್ಕು ನಾಲ್ಕು ಹೆಚ್ಚುತ್ತಾ ಹನ್ನೆರಡನೆಯ ಸಾಲಲ್ಲಿ 64. ಅಷ್ಟು ಜನ ಸಿಗದಿದ್ದರೆ 384 ಸಾಕು, ಮೊದಲ ಸಾಲು 10ರಿಂದ ಶುರುಮಾಡಿ ಅನ್ನುತ್ತಾನೆ. ಆ 504ರಲ್ಲೂ 150 ಮಂದಿ ಬಿಲ್ಲಿನವರು. ಸುಮಾರು 12,000 ಕಾಲಾಳಿಗೆ 504 ಅಂದರೆ ನೂರಕ್ಕೆ ನಾಲ್ಕು! ಒಗ್ಗರಣೆ ಇಲ್ಲದ ಸಾರು ಸಪ್ಪೆ, ಒಪ್ಪೋಣ. ಹಾಗಂತ ಬಟ್ಟಲು ತುಂಬಾ ಒಗ್ಗರಣೆಯನ್ನೇ ಹಾಕಿಕೊಂಡು ಉಣ್ಣುತ್ತೀರಾ?

"ಇತಿಹಾಸ ಇರಲಿ ಮಾರಾಯ, ಮೇಜಿನ ಮೇಲೆ ಗೆಲ್ಲುವುದು ಕುದುರೆಯೇ" ಅನ್ನುವವರಿದ್ದಾರೆ. ಅವರಿಗೆ ಮೇಜಿನ ಲೆಕ್ಕದಲ್ಲೇ ಉತ್ತರ ಕೊಡ್ತೀನಿ. ಡಿಬಿಎಯಲ್ಲಿ ಪ್ರತಿ ಸರದಿಗೆ ಒಂದು ದಾಳ. ಬಿದ್ದ ಅಂಕಿಯಷ್ಟೇ ನಡೆ. ಒಂದು ನಡೆಗೆ ಒಂಟಿ ತುಕಡಿಯನ್ನಾದರೂ ಸರಿಸಬಹುದು, ಒತ್ತಾಗಿ ನಿಂತ ಇಡೀ ಗುಂಪನ್ನಾದರೂ ಸರಿಸಬಹುದು. ಕುದುರೆಗಳು ನಾಲ್ಕು ದಿಕ್ಕಿಗೆ ಚದುರಿದ ಮೇಲೆ ದಾಳದಲ್ಲಿ ಒಂದು ಬಿತ್ತು ಅಂತಿಟ್ಟುಕೊಳ್ಳಿ. ಒಂದನ್ನು ಉಳಿಸಿದರೆ ಮೂರು ಹಾಳು. ಕಾಲಾಳಿನ ಸಾಲು ಹಾಗಲ್ಲ. ಒಂದು ಕಡೆ ಗುಡ್ಡ ಅಥವಾ ಹೊಳೆಗೆ ಆತುಕೊಂಡು ಸುಮ್ಮನೆ ನಿಂತಿರುತ್ತೆ, ಏನೂ ಕೇಳುವುದಿಲ್ಲ. ಅದು ನಿಂತಿರುವುದರಿಂದಲೇ ದಾಳದ ಅಂಕಿಯೆಲ್ಲ ಕುದುರೆಗೆ ಉಳಿಯುತ್ತೆ. ನಮ್ಮ ವೃತ್ತಿಯವರಿಗೆ ಅರ್ಥವಾಗುವಂತೆ ಹೇಳುವುದಾದರೆ ಕಾಲಾಳು ಅಂದರೆ ಬ್ಯಾಕಪ್. ಡಿಸ್ಕ್ ಕೈಕೊಟ್ಟ ದಿನ ಮಾತ್ರ ಅದರ ಬೆಲೆ ತಿಳಿಯುವುದು :-)

ಆಸರೆ ತಪ್ಪಿದ ಬೈಜಾಂಟೈನ್ ಸೇನೆಗೆ ಏನಾಗುತ್ತೆ ಅನ್ನುವುದಕ್ಕೆ ಇತಿಹಾಸದಲ್ಲಿ ಸಾಕ್ಷಿ ಇದೆ. 1071ರ ಮಾಂಜಿಕರ್ಟ್ ನೋಡಿ. ರೊಮಾನಸ್ ಡಿಯೊಜೆನಿಸ್ ಸೇನೆಯ ಒಂದು ಭಾಗವನ್ನು ಆಗಲೇ ಖ್ಲಿಯಾತ್ ಕಡೆ ಕಳಿಸಿದ್ದ. ಯುದ್ಧದ ದಿನ ಹಿಂಬದಿ ಕಾಯಬೇಕಿದ್ದ ಆಂಡ್ರೊನಿಕಸ್ ಡೂಕಾಸ್ ತನ್ನ ದಳವನ್ನು ಕರಕೊಂಡು ಹೊರಟೇಹೋದ. ಚಕ್ರವರ್ತಿ ಸೆರೆಯಾದ. 1081ರ ಡಿರ್ರಾಖಿಯಂ ನೋಡಿ. ವರಾಂಗಿಯನ್ನರು ನಾರ್ಮನ್ನರ ಒಂದು ಪಕ್ಕವನ್ನು ಮುರಿದು ಅಟ್ಟಿಸಿಕೊಂಡು ಬಹುದೂರ ಹೋದರು. ಹಿಂದೆ ಯಾರೂ ಇಲ್ಲ! ದಣಿದವರ ಮೇಲೆ ಈಟಿಯವರು ಪಕ್ಕದಿಂದ ಬಿದ್ದರು, ಉಳಿದವರು ಒಂದು ಚರ್ಚಿನೊಳಗೆ ಹೊಕ್ಕರು, ಆ ಚರ್ಚಿಗೆ ಬೆಂಕಿ ಬಿತ್ತು. ಎರಡೂ ಕಡೆ ಕೊರತೆಯಾದದ್ದು ಶೌರ್ಯವಲ್ಲ, ಬೆನ್ನಿಗೆ ನಿಲ್ಲುವವರು.

ಕುದುರೆ ಪಕ್ಷದವರ ಒಂದು ಮಾತು ಮಾತ್ರ ಒಪ್ಪುತ್ತೇನೆ. ಫೋಕಸ್‌ನ ವಲಯದಿಂದಲೇ ಬಂದ ಗಡಿಕಾಳಗದ ಪುಸ್ತಕವೊಂದಿದೆ. ಅದರಲ್ಲಿ ಕೊಳ್ಳೆ ಹೊಡೆಯಲು ಬಂದವರ ಬೆನ್ನು ಹತ್ತುವುದು ಮುಖ್ಯವಾಗಿ ಕುದುರೆಗಳೇ. ಆದರೆ ಗಮನಿಸಿ, ಅಲ್ಲೂ ಶತ್ರು ವಾಪಸ್ಸು ಹೋಗುವ ಕಣಿವೆ ದಾರಿಯನ್ನು ಅಡ್ಡಗಟ್ಟುವವರು ಕಾಲಾಳುಗಳು! ಅಲ್ಲದೆ ಅದು ಬೇರೆ ಬಗೆಯ ಯುದ್ಧ, ಬೇರೆ ಬಗೆಯ ಸೇನೆ.

ಇದರಿಂದ ಇನ್ನೊಂದು ಸಲಹೆ ಹುಟ್ಟುತ್ತೆ. ಮೊದಲು ಇಸವಿ ಆರಿಸಿಕೊಳ್ಳಿ, ಆಮೇಲೆ ಬೊಂಬೆ. ಬೈಜಾಂಟೈನ್ ಸೇನೆ ಅಂತ ಒಂದೇ ಒಂದು ಇಲ್ಲ. 965ರದ್ದು ಬೇರೆ, 1081ರದ್ದು ಬೇರೆ. ರುಸ್ ಬಾಡಿಗೆ ಸೈನಿಕರು ಮೊದಲೂ ಇದ್ದರು ನಿಜ. ಆದರೆ ವರಾಂಗಿಯನ್ ಕಾವಲುಪಡೆ ರೂಪುಗೊಂಡದ್ದು ಎರಡನೇ ಬಾಸಿಲ್‌ಗೆ ಕೀವ್‌ನ ವ್ಲಾದಿಮಿರ್ ಸೈನಿಕರನ್ನು ಕಳಿಸಿದ ಮೇಲೆ, 988ರ ಹೊತ್ತಿಗೆ. ಫೋಕಸ್‌ನ ಪಕ್ಕದಲ್ಲಿ ಅದನ್ನು ನಿಲ್ಲಿಸಿದರೆ ಚೆಂದ ಕಾಣಬಹುದು, ನಿಜ ಮಾತ್ರ ಅಲ್ಲ.

965ರ ಆಸುಪಾಸಿಗೆ ನನ್ನ 12 ಹೀಗಿದೆ: ಈಟಿಯವರು 3, ಬಿಲ್ಲಿನವರು 1, ಭರ್ಜಿ ಕವಣೆಯವರು 1, ಮೆನಾವ್ಲಾಟೊಯ್ 1, ಸೇನಾಪತಿಯೂ ಸೇರಿ ಅಶ್ವದಳ 4, ಹಗುರ ಕುದುರೆ 1, ಕಟಾಫ್ರಾಕ್ಟ್ 1. ಅರ್ಧ ಕಾಲಾಳು, ಅರ್ಧ ಕುದುರೆ. ಇದು ನನ್ನ ಪಾಕ. ನಿಮ್ಮ ನಿಯಮಪುಸ್ತಕದ ಪಟ್ಟಿ ಒಪ್ಪದಿದ್ದರೆ ಪಟ್ಟಿಯ ಮಾತೇ ಕೊನೆ. ಈಟಿಯ ಸಾಲು ನಡುವೆ, ಬಿಲ್ಲು ಅದರ ಹಿಂದೆ ಅಥವಾ ಪಕ್ಕದ ಗುಡ್ಡದ ಮೇಲೆ, ಅಶ್ವದಳದ ಎರಡು ತುಕಡಿ ಯಾವಾಗಲೂ ಹಿಂದೆ. ಕಟಾಫ್ರಾಕ್ಟನ್ನು ಕೊನೆಯವರೆಗೂ ಕೈಯಲ್ಲಿಟ್ಟುಕೊಂಡು, ಶತ್ರುವಿನ ಸಾಲು ಒಮ್ಮೆ ಅಲುಗಿದಾಗ ಮಾತ್ರ ಬಿಡಿ. ಅನೇಕ ನಿಯಮಾವಳಿಗಳಲ್ಲಿ ಅದು ಗೆದ್ದಮೇಲೆ ತಾನಾಗಿ ಮುಂದೆ ನುಗ್ಗುತ್ತೆ. ಬೇಗ ಬಿಟ್ಟರೆ ವಾಪಸ್ಸು ಕರೆಯಲು ಆಗುವುದಿಲ್ಲ.

ಇಷ್ಟೂ ಸೇರಿ 15 ಮಿಲಿಮೀಟರ್ ಅಳತೆಯಲ್ಲಿ ಸುಮಾರು 40 ಬೊಂಬೆ. ಒಂದಕ್ಕೆ ಅರ್ಧ ಗಂಟೆ ಅಂತ ಹಿಡಿದರೂ ಬಣ್ಣಕ್ಕೇ 20 ಗಂಟೆ. ಕೆಲಸ ಮುಗಿಸಿ, ಟ್ರಾಫಿಕ್ ದಾಟಿ ಮನೆ ಸೇರುವ ನಮ್ಮಂಥವರಿಗೆ ಅದು ತಿಂಗಳುಗಟ್ಟಲೆ ಭಾನುವಾರಗಳು. ಅದಕ್ಕೇ ಕೊಳ್ಳುವ ಮೊದಲು ರಟ್ಟಿನ ತುಂಡುಗಳ ಮೇಲೆ ಹೆಸರು ಬರೆದು ಐದಾರು ಆಟ ಆಡಿ ನೋಡಿ ಅನ್ನುವುದು. ಆಮೇಲೆ ಈಟಿಯವರಿಂದಲೇ ಬಣ್ಣ ಶುರುಮಾಡಿ. ಹುಮ್ಮಸ್ಸಿರುವಾಗ ಬೇಸರದ ಕೆಲಸ ಮುಗಿಸಿದರೆ ಕಟಾಫ್ರಾಕ್ಟ್ ಕೊನೆಗೆ ಹಬ್ಬದ ಹೋಳಿಗೆ. ಮೊದಲೇ ತಿಂದರೆ ಸೇನೆ ಅರ್ಧಕ್ಕೇ ನಿಂತು ಬೀರು ಸೇರುತ್ತೆ.

"ಆಟ ತಾನೇ, ಇಷ್ಟೆಲ್ಲ ಯಾಕೆ?" ಅಂತ ಕೇಳಬಹುದು. ಬರೀ ಗೆಲ್ಲುವುದೇ ಮುಖ್ಯವಾದರೆ ಹುಲಿ ಕುರಿ ಆಟ ಸಾಕು, ಅಂಗಳದಲ್ಲಿ ಗೆರೆ ಎಳೆದರೆ ಆಯಿತು. ಬೈಜಾಂಟೈನ್ ಸೇನೆಯನ್ನೇ ಆರಿಸಿಕೊಂಡವರಿಗೆ ಬೇರೇನೋ ಬೇಕಾಗಿರುತ್ತೆ. ಸುತ್ತಲೂ ಶತ್ರುಗಳು, ಕೈಯಲ್ಲಿ ಇರುವುದೊಂದೇ ಸೇನೆ, ಅದನ್ನು ಕಳೆದುಕೊಂಡರೆ ಇನ್ನೊಂದಿಲ್ಲ. ಹೀಗಿರುವ ರಾಜ್ಯ ಹೇಗೆ ಯೋಚಿಸುತ್ತೆ ಅನ್ನುವುದು ಆ ಮೇಜಿನ ಮೇಲೆ ನಮಗೆ ಸಿಗುವ ರುಚಿ. ಸ್ಟ್ರಾಟೆಜಿಕಾನ್ ಬಯಲುಯುದ್ಧವನ್ನು ಆದಷ್ಟು ತಪ್ಪಿಸಿ, ಉಪಾಯದಿಂದ, ಹಸಿವಿನಿಂದ ಶತ್ರುವನ್ನು ಸೋಲಿಸಿ ಅನ್ನುವುದೂ ಅದಕ್ಕೇ. ಬರೀ ಕಟಾಫ್ರಾಕ್ಟ್ ತುಂಬಿಕೊಂಡರೆ ಗೆಲುವೇನೋ ಸಿಗಬಹುದು, ಈ ಯೋಚನೆ ಸಿಗುವುದಿಲ್ಲ.

ಒಪ್ಪದವರು ಜಗಳಕ್ಕೆ ಬನ್ನಿ, ಬೇಡ ಅನ್ನುವುದಿಲ್ಲ. ಬರುವಾಗ ದಾಳ ಮಾತ್ರ ಮರೀಬೇಡಿ :-)