ಮಳೆ ಲೆಕ್ಕವ ಗೆರೆ ಮಾಡಿ ನೋಡಿ

ಎಂಗಳ ಬೆಟ್ಟಂಪಾಡಿ ಹೊಡೆಲಿ ಸುಮಾರು ಅಡಕ್ಕೆ ತೋಟದ ಮನೆಗಳಲ್ಲಿ ಮಳೆಮಾಪಕ ಇದ್ದು. ಉದಿಯಪ್ಪಗ ಎಂಟೂವರೆಗೆ ನೋಡಿ ಪುಸ್ತಕಲ್ಲಿ ಬರವದು ಹೆಚ್ಚಾಗಿ ಹೆಮ್ಮಕ್ಕಳೇ. ಆದರೆ ಮದ್ದು ಬಿಡುದು ಯಾವಗ, ನೀರು ಹಾಕುದು ಯಾವಗ ಹೇಳಿ ಮಾತಾಡುವಗ ಆ ಪುಸ್ತಕವ ಆರೂ ತೆಗೆತ್ತವಿಲ್ಲೆ. "ಈ ಸರ್ತಿ ಮಳೆ ಕಮ್ಮಿ" ಹೇಳಿ ಬಾಯಿಲೆಕ್ಕಲ್ಲೇ ಮುಗಿತ್ತು. ಬರದ್ದರ ಕಣ್ಣಿಂಗೆ ಕಾಂಬ ಹಾಂಗೆ ಮಾಡೆಕು, ಅಳತೆ ತೆಗವ ಹೆಮ್ಮಕ್ಕಳೇ ಮಾಡೆಕು ಹೇಳಿ ಎನ್ನ ಅಭಿಪ್ರಾಯ.

ಮಗಳು ಅದಕ್ಕೊಂದು ಸಣ್ಣ ಶೆಲ್ ಸ್ಕ್ರಿಪ್ಟ್ ಬರದು ಕೊಟ್ಟತ್ತು. ಕಂಪ್ಯೂಟರಿಂಗೆ "ಇದು ಆದ ಮೇಲೆ ಇದರ ಮಾಡು" ಹೇಳಿ ಬರದು ಮಡುಗುವ ಚೀಟಿ ಅದು, ಅಷ್ಟೆ. ಒಂದು ಫೈಲಿಲಿ ತಿಂಗಳು, ಅದರ ಕರೆಲಿ ಮಿಲಿಮೀಟರ್. ಸ್ಕ್ರಿಪ್ಟ್ ಒಂದೊಂದೇ ಸಾಲು ಓದಿ, 50 ರಿಂದ ಭಾಗಿಸಿ, ಬಂದಷ್ಟು # ಹಾಕುತ್ತು. ಮಾದರಿಗೆ ನೋಡಿ:

3 – 40
6 – 900 ##################
10 – 250 #####

(ತಿಂಗಳ ಹೆಸರು ಕನ್ನಡಲ್ಲಿ ಹಾಕಿರೆ ಗೆರೆಗೊ ಓರೆಕೋರೆ ಅಪ್ಪದಿದ್ದು. ಕೊಂಬು, ಒತ್ತಕ್ಷರದ ಅಗಲ ಅದಕ್ಕೆ ಸರಿ ಲೆಕ್ಕ ಸಿಕ್ಕುತ್ತಿಲ್ಲೆ. ಹಾಂಗಾಗಿ ಅಂಕಿಯೇ ಒಳ್ಳೆದು.)

ಮಾರ್ಚಿನ ಸಾಲು ಖಾಲಿ! ಶೆಲ್ಲಿಂಗೆ ಪೂರ್ಣ ಸಂಖ್ಯೆಯ ಲೆಕ್ಕ ಮಾತ್ರ ಗೊಂತಿಪ್ಪದು, 40 ರ 50 ರಿಂದ ಭಾಗಿಸಿರೆ ಸೊನ್ನೆ. ಆದರೆ 40 ಮಿ.ಮೀ. ಮಳೆ ಹೇಳಿರೆ ಒಂದು ಚದರ ಮೀಟರ್ ನೆಲಕ್ಕೆ 40 ಲೀಟರ್ ನೀರು. ಕೆರೆಯ ಅಡಿ ಕಾಂಬ ಬೇಸಗೆಲಿ ಅದರ ಬೆಲೆ ಎಷ್ಟು ಹೇಳಿ ಪಂಪ್ ಹಾಕುವವಕ್ಕೆ ಗೊಂತು. ಜೂನಿನ 40 ಬೇರೆ, ಮಾರ್ಚಿನ 40 ಬೇರೆ. ಒಂದು # ಗೆ ಎಷ್ಟು ಹೇಳುದರ ಸ್ಕ್ರಿಪ್ಟಿಂಗೆ ಬಿಡ್ಲಾಗ, ನಾವೇ ನಿಶ್ಚಯ ಮಾಡೆಕು. ಜನವರಿಂದ ಮೇ ವರೆಗೆ ಬೇರೆಯೇ ಪಟ ಮಾಡಿ, 5 ಮಿ.ಮೀ.ಗೆ ಒಂದು # ಹಾಕಿ. ಅಂಕಿ ಯಾವಗಳೂ ಕರೆಲಿ ಇರಳಿ.

ಫೋನಿಲಿ ಬಣ್ಣಬಣ್ಣದ ಚಿತ್ರ ಬತ್ತಿಲ್ಲೆಯಾ ಹೇಳಿ ಕೇಳುಗು ಕೆಲವು ಜೆನ. ಬತ್ತು. ಆದರೆ ಅದು ಊರ ಮಳೆ, ನಮ್ಮ ಜಾಲಿನ ಮಳೆ ಅಲ್ಲ. ಗುಡ್ಡೆಯ ಆಚಿಕೆ ಬಂದದು ಈಚಿಕೆ ಬಾರದ್ದೆ ಇಪ್ಪದು ನವಗೆ ಹೊಸತಾ?

ಕೊಳೆರೋಗದ ಬೋರ್ಡೋ ಮದ್ದು ಮುಂಗಾರು ಹಿಡಿವ ಮೊದಲು ಒಂದರಿ, ಮತ್ತೆ 40-45 ದಿನಲ್ಲಿ ಇನ್ನೊಂದರಿ. ಆ ಎರಡನೆದಕ್ಕೇ ಹೊಳವು ಸಿಕ್ಕದ್ದೆ ಕಷ್ಟ ಅಪ್ಪದು. ಹಳೆ ಪುಸ್ತಕಂಗಳ ತೆಗದು ಜುಲಾಯಿ ತಿಂಗಳಿನ ದಿನಕ್ಕೊಂದು ಸಾಲಿನ ಹಾಂಗೆ ಗೆರೆ ಮಾಡಿರೆ, ಮಳೆ ಬಿಟ್ಟ ದಿನಂಗೊ ಖಾಲಿ ಸಾಲಾಗಿ ಎದ್ದು ಕಾಣ್ತು. ಪ್ರಿಂಟ್ ತೆಗದು ಅಟ್ಟುಂಬೊಳದ ಗೋಡೆಗೆ ಅಂಟುಸಿ, ಮದ್ದಿನ ಮಾತು ಬಪ್ಪಗ ಜೆಗಿಲಿಗೆ ತೆಕ್ಕೊಂಡು ಹೋಗಿ.