ವೈಮಾನಿಕರ ನಿದ್ರೆ, ಪ್ರಯಾಣಿಕರ ಪ್ರಾಣ

೨೦೨೫ನೆಯ ಇಸವಿ ಡಿಸೆಂಬರ್ ಮೊದಲ ವಾರದಲ್ಲಿ ಬೆಂಗಳೂರಿನ ಕೆಂಪೇಗೌಡ ವಿಮಾನನಿಲ್ದಾಣದಲ್ಲಿ ಪ್ರಯಾಣಿಕರು ಪಟ್ಟ ಪಾಡನ್ನು ವಾಚಕರು ಮರೆತಿರಲಾರರು. ಆ ತಿಂಗಳ ೫ನೆಯ ತಾರೀಖು ಒಂದೇ ದಿನ ಇಂಡಿಗೋ ಕಂಪೆನಿಯವರು ದೇಶಾದ್ಯಂತ ಸಾವಿರಕ್ಕೂ ಹೆಚ್ಚು ಹಾರಾಟಗಳನ್ನು ರದ್ದುಪಡಿಸಿದರು. ವಿಮಾನಗಳೇನೂ ಕೆಟ್ಟು ನಿಂತಿರಲಿಲ್ಲ. ಹೊಸ ನಿಯಮದಂತೆ ಚಾಲಕರಿಗೆ ವಿಶ್ರಾಂತಿ ಕೊಟ್ಟರೆ ಅಷ್ಟು ವಿಮಾನಗಳನ್ನು ನಡೆಸುವಷ್ಟು ಜನರು ಕಂಪೆನಿಯಲ್ಲಿರಲಿಲ್ಲ. ಇದನ್ನು ಕಂಡು ನಿಯಮವೇ ಕೆಟ್ಟದ್ದೆಂದು ಕೆಲವರು ಆಡತೊಡಗಿದರು. ಈ ಮಾತನ್ನು ನಾವು ಒಪ್ಪಲಾರೆವು.

ನಿಯಮವಾದರೂ ಏನು? ವಾರದ ವಿಶ್ರಾಂತಿ ೩೬ ಗಂಟೆಗಳಿದ್ದದ್ದು ೪೮ ಆಯಿತು. ಬೆಳಗಿನ ೫ ಗಂಟೆಗೆ ಮುಗಿಯುತ್ತಿದ್ದ ರಾತ್ರಿಯ ಗಣನೆ ೬ರವರೆಗೆ ಬೆಳೆಯಿತು. ರಾತ್ರಿಯ ಕೆಲಸದಲ್ಲಿ ಆರು ಸಲ ವಿಮಾನವಿಳಿಸಬಹುದಾಗಿದ್ದುದು ಎರಡಕ್ಕೆ ಇಳಿಯಿತು. ಇವುಗಳಲ್ಲಿ ಭೋಗದ ಮಾತು ಯಾವುದಿದೆ?

ಕನ್ನಡ ನಾಡಿಗೆ ಈ ಪಾಠವನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. ೨೦೧೦ನೆಯ ಮೇ ೨೨ರ ಬೆಳಗಿನ ಜಾವ ದುಬೈಯಿಂದ ಬಂದ ವಿಮಾನವು ಮಂಗಳೂರಿನ ಗುಡ್ಡದ ಮೇಲಿನ ಓಡುಹಾದಿಯನ್ನು ಮೀರಿ ಕಣಿವೆಗೆ ಬಿದ್ದಿತು. ಅದರಲ್ಲಿದ್ದ ೧೬೬ ಜನರಲ್ಲಿ ೧೫೮ ಜನರು ಅಳಿದರು. ಮುಖ್ಯ ಚಾಲಕರು ದಾರಿಯಲ್ಲಿ ಬಹಳ ಹೊತ್ತು ನಿದ್ರಿಸಿದ್ದರೆಂದೂ, ಎದ್ದ ಮೇಲೂ ನಿದ್ರೆಯ ಮಂಕು ಅವರ ವಿವೇಚನೆಯನ್ನು ಕುಂದಿಸಿದ್ದಿರಬಹುದೆಂದೂ ವಿಚಾರಣಾ ನ್ಯಾಯಾಲಯವು ಹೇಳಿತು. ಇಳಿಯುವುದು ಬೇಡ, ಮೇಲೇರೋಣ ಎಂದು ಸಹಚಾಲಕರು ಕೂಗಿದರೂ ಫಲವಾಗಲಿಲ್ಲ.

ನಮ್ಮ ಹುಣಸೂರು, ಪಿರಿಯಾಪಟ್ಟಣಗಳ ಹೊಗೆಸೊಪ್ಪಿನ ಬೆಳೆಗಾರರು ಬ್ಯಾರನ್ನಿನ ಉರಿಯನ್ನು ರಾತ್ರಿಯೆಲ್ಲ ಕಾಯಬೇಕಾದಾಗ ಮನೆಯವರು ಸರದಿಯಂತೆ ಎಚ್ಚರವಿರುತ್ತಾರೆ. ನೆಲದ ಮೇಲೆ ಬಸ್ಸು ಲಾರಿಗಳನ್ನು ನಡೆಸುವವರಿಗೆ ದಿನಕ್ಕೆ ೮ ಗಂಟೆ, ವಾರಕ್ಕೆ ೪೮ ಗಂಟೆ ಎಂಬ ಮಿತಿಯನ್ನು ೧೯೬೧ರ ಶಾಸನವೇ ಹಾಕಿತ್ತು. ಸೊಪ್ಪಿಗೂ ಬಸ್ಸಿಗೂ ಸಲ್ಲುವ ವಿವೇಕವು ಆಕಾಶದಲ್ಲಿ ನೂರಾರು ಜೀವಗಳನ್ನು ಹೊತ್ತವರಿಗೆ ಸಲ್ಲಬಾರದೇ?

ಸಿದ್ಧತೆಗೆ ಕಾಲ ಸಾಲಲಿಲ್ಲವೆಂಬ ವಾದವು ನಿಲ್ಲಲಾರದು. ನಿಯಮವು ಪ್ರಕಟವಾದದ್ದು ೨೦೨೪ನೆಯ ಜನವರಿಯಲ್ಲಿ. ಕಂಪೆನಿಗಳ ಆಕ್ಷೇಪಣೆಯಿಂದ ಅದು ಮುಂದಕ್ಕೆ ಹೋಯಿತು. ಚಾಲಕರ ಸಂಘಗಳು ದೆಹಲಿಯ ಹೈಕೋರ್ಟಿನ ಬಾಗಿಲು ತಟ್ಟಿದ ಮೇಲೆ ೨೦೨೫ರ ಜುಲೈ ೧ರಿಂದ ಒಂದು ಭಾಗವೂ ನವೆಂಬರ್ ೧ರಿಂದ ಉಳಿದ ಭಾಗವೂ ಜಾರಿಗೆ ಬಂದವು. ವೃತ್ತಿಪರ ಚಾಲಕನಾಗಲು ೨೦೦ ಗಂಟೆಗಳ ಹಾರಾಟ ಬೇಕು. ಅದಾದ ಮೇಲೆ ದೊಡ್ಡ ವಿಮಾನದ ಶಿಕ್ಷಣ, ಸಹಚಾಲಕನಾಗಿ ವರ್ಷಗಳ ಅನುಭವ. ಕ್ಯಾಪ್ಟನ್ ಒಂದು ವಾರದಲ್ಲಿ ಸಿದ್ಧನಾಗುವುದಿಲ್ಲವೆಂಬುದು ಕಂಪೆನಿಗಳಿಗೆ ನಮಗಿಂತ ಚೆನ್ನಾಗಿ ಗೊತ್ತು. ಗೊತ್ತಿದ್ದೂ ವೇಳಾಪಟ್ಟಿಯನ್ನು ಹಿಗ್ಗಿಸಿದವರ ತಪ್ಪಿಗೆ ನಿಯಮವನ್ನು ದೂರುವುದು ನ್ಯಾಯವಲ್ಲ.

ಸರಕಾರದ ನಡತೆಯಾದರೂ ನಮಗೆ ಸಮಾಧಾನ ಕೊಡಲಿಲ್ಲ. ವಾರದ ವಿಶ್ರಾಂತಿಗೆ ಬದಲಾಗಿ ರಜೆಯನ್ನು ಲೆಕ್ಕ ಹಿಡಿಯಬಾರದೆಂಬ ವಿಧಿಯನ್ನು ಹಿಂದಕ್ಕೆ ತೆಗೆದುಕೊಂಡರು. ಇಂಡಿಗೋಗೆ ರಾತ್ರಿಯ ನಿಯಮಗಳಿಂದ ೨೦೨೬ರ ಫೆಬ್ರವರಿ ೧೦ರವರೆಗೆ ವಿನಾಯಿತಿ ಕೊಟ್ಟರು. ಆ ಮೇಲೆ ಅದರ ಹಾರಾಟಗಳಲ್ಲಿ ನೂರಕ್ಕೆ ೧೦ ಪಾಲು ಕಡಿತ ಮಾಡಿಸಿದ್ದು ಸರಿಯಾದ ಕ್ರಮವೇ. ಆದರೆ ಮೊದಲು ಮಾಡಬೇಕಾದದ್ದೂ ಅದೇ. ಇದ್ದ ಚಾಲಕರಿಗೆ ತಕ್ಕಷ್ಟು ಹಾರಾಟವೇ ಹೊರತು, ಹಾರಾಟಕ್ಕೆ ತಕ್ಕಂತೆ ಚಾಲಕರ ನಿದ್ರೆಯಲ್ಲ. ದೇಶದೊಳಗಿನ ಪ್ರಯಾಣಿಕರಲ್ಲಿ ಅರ್ಧಕ್ಕಿಂತ ಹೆಚ್ಚು ಜನರು ಒಂದೇ ಕಂಪೆನಿಯನ್ನು ನೆಚ್ಚಿಕೊಂಡಿರುವಾಗ ಅದರ ಅಡಚಣೆಯೇ ಸರಕಾರಕ್ಕೆ ಬೆದರಿಕೆಯಾಗುವುದು ಸಹಜ. ಅಂಥ ಬೆದರಿಕೆಗೆ ಬಗ್ಗದಿರುವುದೇ ಆಡಳಿತದ ಧರ್ಮ.

ಆದುದರಿಂದ ಅಧಿಕಾರಿಗಳಲ್ಲಿ ನಮ್ಮ ಕೋರಿಕೆ ಇಷ್ಟೇ. ಪ್ರತಿ ಋತುವಿನ ವೇಳಾಪಟ್ಟಿಯನ್ನು ಮಂಜೂರು ಮಾಡುವ ಮುನ್ನ ಚಾಲಕರ ಸಂಖ್ಯೆಯನ್ನು ಎಣಿಸಿ ನೋಡಲಿ. ಆಯಾಸವಾಗಿದೆಯೆಂದು ವರದಿ ಮಾಡಿದ ಚಾಲಕನಿಗೆ ದಂಡನೆಯಾಗದಂತೆ ಕಾಪಾಡಲಿ. ಬೆಂಗಳೂರಿನ ಜಕ್ಕೂರಿನಲ್ಲಿರುವ ನಮ್ಮ ಸರಕಾರದ ವೈಮಾನಿಕ ಶಾಲೆಗೆ ಸಾಕಷ್ಟು ವಿಮಾನಗಳನ್ನೂ ಶಿಕ್ಷಕರನ್ನೂ ಒದಗಿಸಿ, ಹಳ್ಳಿಯ ಬಡ ಹುಡುಗರಿಗೂ ಅಲ್ಲಿ ಕಲಿಯುವ ಅನುಕೂಲ ಮಾಡಿಕೊಡಲಿ. ತಡವಾಗಿ ಹೊರಟ ವಿಮಾನ ನಾಳೆಯಾದರೂ ಊರು ಸೇರುತ್ತದೆ. ಮಂಗಳೂರಿನಲ್ಲಿ ಹೋದವರು ಇಂದಿಗೂ ಮನೆ ಸೇರಿಲ್ಲ.