ಫೋನ್ ಕೈಯಲ್ಲಿದೆ, ಬೆಳಕಿಗೆ ಸ್ವಲ್ಪ ಕಾಯೋಣ

ದಿನಾ ಬೆಳಿಗ್ಗೆ ನಮ್ಮ ವಾಟ್ಸ್‌ಆ್ಯಪ್ ಗ್ರೂಪುಗಳಿಗೆ ಶುಭೋದಯದ ಜೊತೆ ಯಾವುದೋ ದೇಶದ ಹಿಮದ ಬೆಟ್ಟ ಬರುತ್ತದೆ. ಚಿಂಚೋಳಿ ಕಾಡು ಬರುವುದಿಲ್ಲ, ಕಾಗಿಣಾ ದಂಡೆ ಬರುವುದಿಲ್ಲ, ಹೂಬಿಟ್ಟ ತೊಗರಿ ಹೊಲವೂ ಬರುವುದಿಲ್ಲ. ಕೇಳಿದರೆ, "ನಮ್ ಕಡಿ ಏನದ ರೀ ಫೋಟೊ ತೆಗೀಲಿಕ್ಕೆ? ಬಿಸಿಲು, ಧೂಳು, ಕಲ್ಲು" ಅನ್ನುತ್ತಾರೆ.

ಈ ಮಾತನ್ನು ನಾವು ಒಪ್ಪುವುದಿಲ್ಲ. ತಪ್ಪು ಊರಿನದಲ್ಲ, ನಾವು ಫೋಟೊ ತೆಗೆಯುವ ಹೊತ್ತಿನದು.

ಶಹಾಬಾದಿನ ಪರ್ಸಿ ಕಲ್ಲನ್ನೇ ನೋಡಿ. ಮಧ್ಯಾಹ್ನ 12 ಗಂಟೆಗೆ ತೆಗೆದರೆ ಬಿಳಿ ಹಾಳೆಯಂತೆ ಕಾಣುತ್ತದೆ. ಅದೇ ಖಣಿಗೆ ಬೆಳಿಗ್ಗೆ 7ಕ್ಕೆ ಹೋಗಿ. ಬೆಳಕು ಪಕ್ಕದಿಂದ ಬೀಳುತ್ತದೆ, ಕಲ್ಲಿನ ಪದರು ಪದರೂ ಎದ್ದು ಕಾಣುತ್ತದೆ. ಚಿತ್ತಾಪುರ ತಾಲ್ಲೂಕಿನ ಸನ್ನತಿ ಹತ್ತಿರದ ಕನಗನಹಳ್ಳಿ ಸ್ತೂಪದಲ್ಲಿ 'ರಾಯೋ ಅಶೋಕೋ' ಎಂದು ಬ್ರಾಹ್ಮಿಯಲ್ಲಿ ಕೆತ್ತಿದ ಅಶೋಕನ ಶಿಲ್ಪ ಸಿಕ್ಕಿತು. ಇಂಥ ಕೆತ್ತನೆ, ಸವೆದ ಅಕ್ಷರಗಳು ಕಣ್ಣಿಗೆ ಬೀಳುವುದೂ ಪಕ್ಕದ ಬೆಳಕಿನಲ್ಲೇ.

ಮನೆಯಿಂದಲೇ ಶುರು ಮಾಡಬಹುದು. ಒಂದು ಮೊರದಲ್ಲಿ ತೊಗರಿ, ಪಕ್ಕಕ್ಕೆ ಎರಡು ಜೋಳದ ರೊಟ್ಟಿ ಇಡಿ. ಲೈಟ್ ಆರಿಸಿ, ಬಾಗಿಲ ಬಳಿ ಬನ್ನಿ. ಬೆಳಕು ಒಂದು ಕಡೆಯಿಂದ ಬರಲಿ. ಇನ್ನೊಂದು ಕಡೆ ನೆರಳು ತೀರ ಕಪ್ಪಾದರೆ ಅತ್ತ ಬಿಳಿ ಧೋತ್ರ ಹಿಡಿಯಿರಿ. ಹಿಂದೆ ಕಾಣುವ ಬಕೀಟು, ಚಪ್ಪಲಿ ಸರಿಸಿ. ಲೆನ್ಸ್ ಒರೆಸಿ. ಪರದೆಯ ಮೇಲೆ ತೊಗರಿಗೆ ಬೆರಳು ಒತ್ತಿ ಫೋಕಸ್ ಮಾಡಿ, ತುಂಬ ಬೆಳ್ಳಗಿದ್ದರೆ ಬೆಳಕು ಕಡಿಮೆ ಮಾಡಿ. ಫ್ಲ್ಯಾಶ್ ಬೇಡ.

ಹೊಲ, ಕಾಡು ತೆಗೆಯುವಾಗ ಕ್ಯಾಮೆರಾದ ಗ್ರಿಡ್ ಗೆರೆ ಹಾಕಿಕೊಳ್ಳಿ. ನೆಲ-ಆಕಾಶ ಕೂಡುವ ಗೆರೆ ಸೊಟ್ಟ ಆಗಬಾರದು, ನಟ್ಟನಡುವೆಯೂ ಬೇಡ. ಮೋಡ ಚೆಂದ ಇದ್ದರೆ ಆಕಾಶಕ್ಕೆ ಹೆಚ್ಚು ಜಾಗ, ಬೆಳೆ ಚೆಂದ ಇದ್ದರೆ ನೆಲಕ್ಕೆ ಹೆಚ್ಚು ಜಾಗ. ಮುಂದೆ ಒಂದು ಗಿಡ, ಬದು ಅಥವಾ ಎತ್ತಿನ ಬಂಡಿ ಇದ್ದರೆ ದೂರ ಎಷ್ಟೆಂದು ತಿಳಿಯುತ್ತದೆ. ಜೂಮ್ ಮಾಡಬೇಡಿ, ನಾಲ್ಕು ಹೆಜ್ಜೆ ನಡೆಯಿರಿ. ಚಿಂಚೋಳಿಯ ಚಂದ್ರಂಪಳ್ಳಿ ಜಲಾಶಯ, ಸೇಡಂ ತಾಲ್ಲೂಕಿನ ಮಳಖೇಡ ಕೋಟೆ, ಎಲ್ಲಿ ಹೋದರೂ ಲೆಕ್ಕ ಇದೇ.

ಇದೆಲ್ಲ ಹೊಟ್ಟೆ ತುಂಬಿದವರ ಶೋಕಿ ಅಂದುಕೊಳ್ಳಬೇಡಿ. ಕಾಗಿಣಾ ಉಕ್ಕಿದಾಗ ನಮ್ಮ ಫೋನಿಗೆ ಬೆಳೆಹಾನಿಯ ಫೋಟೊಗಳು ಬರುತ್ತವೆ. ಬಹಳಷ್ಟರಲ್ಲಿ ಬರೀ ನೀರು. ಯಾರ ಹೊಲ, ಯಾವ ಬೆಳೆ, ಎಷ್ಟು ಮುಳುಗಿದೆ, ಒಂದೂ ತಿಳಿಯುವುದಿಲ್ಲ. ಹಾನಿ ನಿಜ, ಆದರೆ ಫೋಟೊ ಅದನ್ನು ಹೇಳುವುದಿಲ್ಲ. ಸುದ್ದಿಗೂ ಆಗುವುದಿಲ್ಲ, ರೈತನ ಕೈಗೆ ಸಾಕ್ಷಿಯಾಗಿಯೂ ಉಳಿಯುವುದಿಲ್ಲ. ಬೆಳೆ ವಿಮೆ ಮಾಡಿಸಿದವರು ಇಂಥ ಹಾನಿಯನ್ನು 72 ಗಂಟೆಯೊಳಗೆ ತಿಳಿಸಬೇಕು. ಆಗ ಕಲಿಯುತ್ತ ಕೂಡಲಾಗದು.

ಮೂರು ಫೋಟೊ ಸಾಕು. ಒಂದು ದೂರದಿಂದ: ಗುಡಿ, ಬೇವಿನ ಗಿಡ, ಕರೆಂಟ್ ಕಂಬದಂಥ ಗುರುತು ಸೇರಿ ಇಡೀ ಹೊಲ. ಇನ್ನೊಂದು ನಡುವಿನದು: ಬದುವಿನ ಪಕ್ಕ ಮನುಷ್ಯ ನಿಂತಿದ್ದು, ನೀರಿನ ಆಳ ತಿಳಿಯುವಂತೆ. ಮತ್ತೊಂದು ಹತ್ತಿರದ್ದು: ಕೊಳೆತ ಗಿಡ ಕೈಯಲ್ಲಿ ಹಿಡಿದು. ಲೊಕೇಶನ್ ಆನ್ ಇರಲಿ, ಮೂಲ ಫೋಟೊ ಅಳಿಸಬೇಡಿ. ಮೊರದ ತೊಗರಿ ತೆಗೆದು ಕಲಿತ ಕೈ ಇಲ್ಲಿ ತಡವರಿಸುವುದಿಲ್ಲ.

ಕೊನೆಯ ಮಾತು ಫಿಲ್ಟರ್ ಬಗ್ಗೆ. ವಾಡಿಯ ಚಿಮಣಿಗಳ ಮೇಲಿನ ಆಕಾಶ ಬೂದಿ ಬಣ್ಣದ್ದಾಗಿದ್ದರೆ ಬೂದಿಯಾಗಿಯೇ ಇರಲಿ, ಅದಕ್ಕೆ ನೀಲಿ ಬಳಿಯಬೇಡಿ. ಒಣಗಿದ ಹೊಲಕ್ಕೆ ಹಸಿರು ಹಚ್ಚಬೇಡಿ. ಇಂದು ಚೆಂದಕ್ಕೆ ಬಣ್ಣ ಬದಲಿಸಿದವರ ಫೋಟೊವನ್ನು ನಾಳೆ ಕಷ್ಟದ ದಿನ ಯಾರೂ ನಂಬುವುದಿಲ್ಲ.

ನಾಳೆ ಶುಭೋದಯಕ್ಕೆ ಹಿಮದ ಬೆಟ್ಟ ಕಳಿಸುವ ಬದಲು ನಿಮ್ಮ ಹೊಲ ಕಳಿಸಿ. ಏಳು ಗಂಟೆಗೆ ತೆಗೆದಿದ್ದಿರಲಿ.